ಆರೋಗ್ಯ ವಿಚಾರ: ಕರುಳಿನ ನಡೆಯೂ ಅದರ ದೂತರೂ

ಉಣ್ಣುವ ತುತ್ತಿನ ಮೇಲೆ ನಮಗಿರುವ ಅಧಿಕಾರವು ಬಹು ಸ್ವಲ್ಪವಾದುದು. ಅದನ್ನು ಕಲಸುವುದು, ಬಾಯಿಗಿಡುವುದು, ಅಗಿಯುವುದು, ನುಂಗುವುದು—ಇಷ್ಟು ಮಾತ್ರವೇ ನಮ್ಮ ಇಚ್ಛೆಗೆ ಸೇರಿದ ಕೆಲಸಗಳು. ಗಂಟಲನ್ನು ದಾಟಿದೊಡನೆಯೇ ತುತ್ತು ನಮ್ಮ ಕೈಮೀರಿ ಹೋಗುವುದು. ಅಲ್ಲಿಂದ ಮುಂದೆ ಅದು ಜಠರವನ್ನೂ, ಸುಮಾರು ೨೦ ಅಡಿ ಉದ್ದದ ಸಣ್ಣ ಕರುಳನ್ನೂ, ೫ ಅಡಿ ಉದ್ದದ ದೊಡ್ಡ ಕರುಳನ್ನೂ ಸಂಚರಿಸಿ, ತನ್ನ ಸಾರವನ್ನು ದೇಹಕ್ಕೊಪ್ಪಿಸಿ, ಶೇಷವು ಹೊರಬೀಳಬೇಕಾದ ಸಮಯದಲ್ಲಿ ಮಾತ್ರ ಮರಳಿ ನಮ್ಮ ಅನುಮತಿಯನ್ನು ಕೇಳುವುದು. ನಾವು ನಿದ್ರಿಸುತ್ತಿರಲಿ, ಎಚ್ಚರದಿಂದಿರಲಿ, ಈ ಪ್ರಯಾಣವು ನಡೆದೇ ಇರುವುದು. ಹೀಗೆ ಅನ್ನವನ್ನು ಮುಂದಕ್ಕೆ ನಡೆಸುವವರಾರು? ಅಗತ್ಯವಾದಲ್ಲಿ ನಿಲ್ಲಿಸುವವರಾರು? ಈ ಸಲದ ಆರೋಗ್ಯ ವಿಚಾರದಲ್ಲಿ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸೋಣ.

ಇದು ಪಂಡಿತರ ಕುತೂಹಲಕ್ಕೆ ಮಾತ್ರ ತಕ್ಕ ಪ್ರಶ್ನೆಯೆಂದು ಗೃಹಸ್ಥರು ಭಾವಿಸಲಾಗದು. ಭೇದಿ, ಮಲಬದ್ಧತೆ, ಹೊಟ್ಟೆನುಲಿತ, ಹೊಟ್ಟೆಯುಬ್ಬರ—ಇವುಗಳನ್ನು ಕಾಣದ ಮನೆಯೇ ಇಲ್ಲ. ಇವುಗಳಿಗೆ ವೈದ್ಯರನ್ನು ಕೇಳುವುದಕ್ಕೆ ಮೊದಲೇ ಮದ್ದಿನಂಗಡಿಯಿಂದ ಒಂದು ಮಾತ್ರೆಯನ್ನು ತರಿಸಿ ನುಂಗಿಸುವುದು ಸರ್ವಸಾಧಾರಣವಾಗಿದೆ. ಆ ಮಾತ್ರೆಗಳಲ್ಲಿ ಅನೇಕವು ಕರುಳಿನ ನಡೆಯನ್ನೇ ತಡೆಯತಕ್ಕವು, ಇಲ್ಲವೆ ಕೆರಳಿಸತಕ್ಕವು. ನಡೆಯ ಮರ್ಮವನ್ನರಿಯದೆ ಅದನ್ನು ತಡೆಯುವುದು ಕೆಲವು ಸಂದರ್ಭಗಳಲ್ಲಿ, ಮುಖ್ಯವಾಗಿ ಎಳೆಯ ಮಕ್ಕಳಲ್ಲಿಯೂ ವೃದ್ಧರಲ್ಲಿಯೂ, ಪ್ರಾಣಕ್ಕೆ ಸಂಬಂಧಿಸಿದ ವಿಷಯವಾಗುವುದು.

ಮೊದಲು ಕರುಳಿನ ಗೋಡೆಯ ರಚನೆಯನ್ನು ನೋಡೋಣ. ಅದರಲ್ಲಿ ಎರಡು ಪದರಗಳ ಮಾಂಸತಂತುಗಳುಂಟು. ಒಳಪದರದ ತಂತುಗಳು ಬಳೆಗಳಂತೆ ಕರುಳನ್ನು ಸುತ್ತಿಕೊಂಡಿರುವುವು. ಹೊರಪದರದವು ಅದರ ಉದ್ದಕ್ಕೆ ಹಬ್ಬಿರುವುವು. ಬಳೆಯಂತಿರುವ ತಂತುಗಳು ಸಂಕೋಚಗೊಂಡರೆ ಕರುಳು ಆ ಸ್ಥಳದಲ್ಲಿ ಸಣ್ಣಗಾಗುವುದು. ಉದ್ದದ ತಂತುಗಳು ಸಂಕೋಚಗೊಂಡರೆ ಮೋಟಾಗುವುದು. ಈ ಎರಡು ಪದರಗಳ ನಡುವೆ ಸೂಕ್ಷ್ಮವಾದ ನರಗಳ ಬಲೆಯೊಂದು ಹರಡಿಕೊಂಡಿದೆ. ೧೮೬೦ರ ದಶಕದಲ್ಲಿ ಲಿಯೊಪೋಲ್ಡ್ ಅವೆರ್ಬಾಕ್ ಎಂಬ ಜರ್ಮನ್ ವೈದ್ಯರು ಇದನ್ನು ವರ್ಣಿಸಿದರು. ಇದಕ್ಕಿಂತ ಒಳಗೆ, ಒಳಪೊರೆಗೆ ಸಮೀಪವಾಗಿ, ಇನ್ನೊಂದು ಬಲೆಯಿರುವುದನ್ನು ೧೮೫೭ರಲ್ಲಿಯೇ ಗೆಯೋರ್ಗ್ ಮೈಸ್ನರ್ ಎಂಬವರು ಕಂಡಿದ್ದರು. ಈ ಎರಡು ಬಲೆಗಳಲ್ಲಿರುವ ನರಕೋಶಗಳನ್ನು ಕೂಡಿಸಿದರೆ ಹತ್ತು ಕೋಟಿಗೂ ಮೀರುವುವೆಂದು ಅಂದಾಜು. ಇಷ್ಟೊಂದು ನರಕೋಶಗಳು ಮಿದುಳಿನಿಂದ ದೂರವಾಗಿ, ಹೊಟ್ಟೆಯೊಳಗೆ ಏತಕ್ಕಾಗಿ ನೆಲೆಸಿವೆ ಎಂಬುದು ಆ ಕಾಲದವರಿಗೆ ತಿಳಿದಿರಲಿಲ್ಲ.

ಈ ಗೂಢವನ್ನು ಭೇದಿಸಿದವರು ಲಂಡನ್ ನಗರದ ಇಬ್ಬರು ಶರೀರಶಾಸ್ತ್ರಜ್ಞರು—ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್. ಸ್ಟಾರ್ಲಿಂಗರ ಸೋದರಿಯನ್ನು ಬೇಲಿಸರು ವಿವಾಹವಾಗಿದ್ದುದರಿಂದ ಇವರಿಬ್ಬರೂ ಬಂಧುಗಳೂ ಆಗಿದ್ದರು. ೧೮೯೯ರಲ್ಲಿ ಇವರು ಅರಿವಳಿಕೆ ಕೊಟ್ಟ ನಾಯಿಯ ಕರುಳನ್ನು ಪರೀಕ್ಷಿಸುತ್ತ, ಮಿದುಳು ಬೆನ್ನುಹುರಿಗಳಿಂದ ಕರುಳಿಗೆ ಬರುವ ನರಗಳನ್ನು ಕತ್ತರಿಸಿಬಿಟ್ಟರು. ಬಳಿಕ ಕರುಳಿನೊಳಗೆ ಒಂದು ಸಣ್ಣ ಉಂಡೆಯನ್ನಿಟ್ಟು ನೋಡಿದರು. ಮೇಲಿನ ಅಪ್ಪಣೆಯ ದಾರಿ ಕಡಿದು ಹೋಗಿದ್ದರೂ ಕರುಳು ಸುಮ್ಮನಿರಲಿಲ್ಲ. ಉಂಡೆಯ ಹಿಂದಿನ ಭಾಗವು ಬಿಗಿಯಾಗಿ ಸಂಕೋಚಗೊಂಡಿತು. ಮುಂದಿನ ಭಾಗವು ಸಡಿಲವಾಯಿತು. ಉಂಡೆಯು ಗುದದ ದಿಕ್ಕಿಗೆ ಸರಿಯಿತು. ಸರಿದ ಸ್ಥಳದಲ್ಲಿಯೂ ಮತ್ತೆ ಇದೇ ಕ್ರಮ. ಇದನ್ನು ಅವರು ಕರುಳಿನ ನಿಯಮವೆಂದು ಕರೆದರು.

ಈ ನಿಯಮದಲ್ಲಿ ಎರಡು ಭಾಗಗಳಿರುವುದನ್ನು ವಾಚಕರು ಗಮನಿಸಬೇಕು. ಹಿಂದೆ ನೂಕುವುದು ಒಂದು, ಮುಂದೆ ದಾರಿ ಬಿಡುವುದು ಇನ್ನೊಂದು. ರಥೋತ್ಸವದಲ್ಲಿ ತೇರಿನ ಗಾಲಿಗೆ ಹಿಂದಿನಿಂದ ಸನ್ನೆಗೋಲು ಹಾಕಿ ಮೀಟುವವರು ಎಷ್ಟು ಮುಖ್ಯರೋ, ಮುಂದೆ ನಿಂತ ಜನಸಂದಣಿಯನ್ನು ಸರಿಸಿ ಬೀದಿಯನ್ನು ತೆರವು ಮಾಡುವವರೂ ಅಷ್ಟೇ ಮುಖ್ಯರು. ಇವರಲ್ಲಿ ಯಾರೊಬ್ಬರು ತಮ್ಮ ಕೆಲಸವನ್ನು ಬಿಟ್ಟರೂ ತೇರು ಮುಂದೆ ಸಾಗದು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳತಕ್ಕ ಸಂಗತಿಗಳೆಲ್ಲ ಸುಲಭವಾಗಿ ಅರ್ಥವಾಗುವುವು.

೧೯೧೭ರಲ್ಲಿ ಜರ್ಮನಿಯ ಪೌಲ್ ಟ್ರೆಂಡೆಲೆನ್‌ಬುರ್ಗ್ ಎಂಬ ಪಂಡಿತರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗಿನಿಯಿಲಿಯ ಕರುಳಿನ ಒಂದು ತುಂಡನ್ನು ದೇಹದಿಂದ ಪೂರ್ಣವಾಗಿ ಬೇರ್ಪಡಿಸಿ, ಬೆಚ್ಚಗಿನ ಲವಣಜಲದಲ್ಲಿಟ್ಟು, ಅದರೊಳಗೆ ನೀರನ್ನು ತುಂಬಿ ಸ್ವಲ್ಪ ಉಬ್ಬಿಸಿದರು. ಯಾವ ದೇಹಕ್ಕೂ ಸೇರದ ಆ ತುಂಡು ಕೂಡ ಅಲೆಯಲೆಯಾಗಿ ಸಂಕೋಚಗೊಂಡು ನೀರನ್ನು ಮುಂದಕ್ಕೆ ತಳ್ಳಿತು. ಕರುಳಿನ ಗೋಡೆಯಲ್ಲಿಯೇ ಅದರ ಆಡಳಿತವು ಇರುವುದೆಂಬುದು ಇದರಿಂದ ಸಂಶಯಕ್ಕೆಡೆಯಿಲ್ಲದಂತೆ ತಿಳಿಯಬಂದಿತು. ೧೯೨೧ರಲ್ಲಿ ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ ಎಂಬವರು ತಮ್ಮ ಗ್ರಂಥದಲ್ಲಿ ಇದಕ್ಕೆ ಪ್ರತ್ಯೇಕವಾದ ನರಮಂಡಲವೆಂಬ ಸ್ಥಾನವನ್ನೇ ಕೊಟ್ಟರು.

ಈಗ ಬೇರೊಂದು ಪ್ರಶ್ನೆ ಏಳುವುದು. ನರವು ಮಾಂಸತಂತುವಿಗೆ ತನ್ನ ಆಜ್ಞೆಯನ್ನು ಹೇಗೆ ತಿಳಿಸುವುದು? ನರದೊಳಗೆ ಸುದ್ದಿಯು ವಿದ್ಯುತ್ತಿನ ರೂಪದಲ್ಲಿ ಓಡುವುದು ನಿಜ. ಆದರೆ ನರದ ತುದಿಗೂ ಮಾಂಸತಂತುವಿಗೂ ನಡುವೆ ಸೂಕ್ಷ್ಮವಾದ ಅಂತರವಿದೆ. ಈ ಅಂತರವನ್ನು ದಾಟುವ ಬಗೆಯನ್ನು ೧೯೨೧ರಲ್ಲಿ ಆಸ್ಟ್ರಿಯಾ ದೇಶದ ಗ್ರಾಟ್ಸ್ ನಗರದಲ್ಲಿದ್ದ ಆಟೋ ಲೋವಿ ಎಂಬ ಪಂಡಿತರು ಕಂಡುಹಿಡಿದರು. ಪ್ರಯೋಗದ ಕ್ರಮವು ತಮಗೆ ಕನಸಿನಲ್ಲಿ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಅವರು ಎರಡು ಕಪ್ಪೆಗಳ ಹೃದಯಗಳನ್ನು ತೆಗೆದುಕೊಂಡು, ಮೊದಲನೆಯದರ ವೇಗಸ್ ಎಂಬ ನರವನ್ನು ಪ್ರಚೋದಿಸಿದರು; ಆ ಹೃದಯದ ಬಡಿತವು ನಿಧಾನವಾಯಿತು. ಅದು ಮುಳುಗಿದ್ದ ದ್ರವವನ್ನು ತೆಗೆದು ಎರಡನೆಯ ಹೃದಯಕ್ಕೆ ಹಾಕಿದರು. ಯಾವ ನರವನ್ನೂ ಮುಟ್ಟದಿದ್ದರೂ ಅದರ ಬಡಿತವೂ ನಿಧಾನವಾಯಿತು. ನರದ ತುದಿಯಿಂದ ಯಾವುದೋ ರಾಸಾಯನಿಕ ದ್ರವ್ಯವು ದ್ರವಕ್ಕಿಳಿದಿರಬೇಕೆಂಬುದು ಸ್ಪಷ್ಟವಾಯಿತು. ಅದೇ ಅಸೀಟೈಲ್‌ಕೋಲೀನ್. ಇಂಗ್ಲೆಂಡಿನ ಹೆನ್ರಿ ಡೇಲ್ ಎಂಬವರು ಇದರ ಗುಣಗಳನ್ನು ೧೯೧೪ರಲ್ಲಿಯೇ ವಿವರಿಸಿದ್ದರು. ೧೯೩೬ರ ನೊಬೆಲ್ ಪಾರಿತೋಷಕವು ಇವರಿಬ್ಬರಿಗೂ ಸೇರಿ ದೊರೆಯಿತು.

ಇಲ್ಲೊಂದು ಸೋಜಿಗವಿದೆ. ಹೃದಯವನ್ನು ನಿಧಾನಗೊಳಿಸುವ ಈ ದ್ರವ್ಯವೇ ಕರುಳಿನ ತಂತುಗಳನ್ನು ಬಲವಾಗಿ ಸಂಕೋಚಗೊಳಿಸುವುದು. ದೂತನು ಒಬ್ಬನೇ; ಕೇಳುವವರ ಕಿವಿ ಬೇರೆ ಬೇರೆ. ಅಸೀಟೈಲ್‌ಕೋಲೀನನ್ನು ಸ್ವೀಕರಿಸುವ ಬಾಗಿಲುಗಳು ಹೃದಯದಲ್ಲಿ ಒಂದು ಬಗೆ, ಕರುಳಿನಲ್ಲಿ ಇನ್ನೊಂದು ಬಗೆಯಾಗಿರುವುದೇ ಇದಕ್ಕೆ ಕಾರಣ. ಅಲ್ಲದೆ ಈ ದೂತನ ಆಯುಷ್ಯವು ಕ್ಷಣಮಾತ್ರದ್ದು. ಆಜ್ಞೆಯನ್ನು ಮುಟ್ಟಿಸಿದ ಕೂಡಲೆ ಅವನನ್ನು ಒಡೆದು ಹಾಕುವ ಕಿಣ್ವವೊಂದು ಅಲ್ಲಿಯೇ ಕಾದಿರುವುದು. ಹಾಗಿಲ್ಲದಿದ್ದರೆ ಒಮ್ಮೆ ಸಂಕೋಚಗೊಂಡ ಕರುಳು ಬಿಡುವಿಲ್ಲದೆ ನುಲಿಯುತ್ತಲೇ ಇರಬೇಕಾಗುತ್ತಿತ್ತು.

ತುತ್ತು ಬಂದು ಕರುಳನ್ನು ಹಿಗ್ಗಿಸಿದಾಗ ನಡೆಯುವ ಕಾರ್ಯಕ್ರಮವನ್ನು ಈಗ ಒಂದಾದ ಮೇಲೊಂದರಂತೆ ಹೇಳಬಹುದು. ಕರುಳಿನ ಒಳಪೊರೆಯಲ್ಲಿ ಅಲ್ಲಲ್ಲಿ ಕಾವಲುಗಾರರಂತಿರುವ ಕೆಲವು ಕೋಶಗಳುಂಟು. ಇವುಗಳಲ್ಲಿ ಸೆರೊಟೋನಿನ್ ಎಂಬ ದ್ರವ್ಯವು ತುಂಬಿಕೊಂಡಿರುವುದು. ಮಿದುಳಿನ ವಿಷಯದಲ್ಲಿ ಈ ಹೆಸರನ್ನು ಹಲವರು ಕೇಳಿರಬಹುದು. ಆದರೆ ನಮ್ಮ ದೇಹದಲ್ಲಿರುವ ಸೆರೊಟೋನಿನ್ನಿನ ನೂರರಲ್ಲಿ ೯೦ ಪಾಲು ಇರುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ಒತ್ತಡವು ತಗಲಿದೊಡನೆ ಈ ಕೋಶಗಳು ಅದನ್ನು ಹೊರಬಿಡುವುವೆಂಬುದನ್ನು ಆಕ್ಸ್‌ಫರ್ಡ್‌ನಲ್ಲಿದ್ದ ಎಡಿತ್ ಬುಲ್‌ಬ್ರಿಂಗ್ ಎಂಬ ವಿದುಷಿಯು ತಮ್ಮ ಸಹೋದ್ಯೋಗಿಯೊಡನೆ ೧೯೫೮ರಲ್ಲಿ ತೋರಿಸಿಕೊಟ್ಟರು. ಸೆರೊಟೋನಿನ್ ಸುತ್ತಣ ನರಗಳ ತುದಿಯನ್ನು ಮುಟ್ಟಿ, ‘ತುತ್ತು ಬಂದಿದೆ’ ಎಂಬ ಸುದ್ದಿಯನ್ನು ಕೊಡುವುದು. ಸುದ್ದಿಯು ನರಬಲೆಯಲ್ಲಿ ಎರಡು ದಿಕ್ಕಿಗೂ ಹರಡುವುದು. ಹಿಂದಿನ ದಿಕ್ಕಿನ ನರಗಳು ಅಸೀಟೈಲ್‌ಕೋಲೀನನ್ನೂ, ಅದರ ಜೊತೆಗೆ ೧೯೩೧ರಲ್ಲಿ ಫಾನ್ ಆಯ್ಲರ್ ಮತ್ತು ಗ್ಯಾಡಮ್ ಎಂಬವರು ಕುದುರೆಯ ಮಿದುಳು ಕರುಳುಗಳಲ್ಲಿ ಕಂಡ ‘ಪಿ ದ್ರವ್ಯ’ವೆಂಬುದನ್ನೂ ಸುರಿಸುವುವು, ಅಲ್ಲಿ ಕರುಳು ಬಿಗಿಯುವುದು. ಮುಂದಿನ ದಿಕ್ಕಿನ ನರಗಳು ಬೇರೆ ದೂತರನ್ನು ಕಳುಹಿಸುವುವು. ಅಲ್ಲಿ ಕರುಳು ಸಡಿಲವಾಗುವುದು.

ಈ ಸಡಿಲಿಸುವ ದೂತರು ಯಾರೆಂಬುದು ಬಹುಕಾಲ ತಿಳಿಯದೆ ಇದ್ದಿತು. ೧೯೯೦ರಲ್ಲಿ ನಾಯಿಯ ಕರುಳಿನ ಮೇಲೆ ನಡೆದ ಪ್ರಯೋಗಗಳಿಂದ ಇವರಲ್ಲಿ ಮುಖ್ಯನಾದವನು ನೈಟ್ರಿಕ್ ಆಕ್ಸೈಡ್ ಎಂಬ ಒಂದು ಅನಿಲವೆಂದು ತಿಳಿದುಬಂದಿತು. ಇದನ್ನು ಮಿಕ್ಕ ದೂತರಂತೆ ಮೊದಲೇ ಮಾಡಿ ಸಂಚಿಗಳಲ್ಲಿ ಕೂಡಿಟ್ಟುಕೊಳ್ಳುವಂತಿಲ್ಲ. ಬೇಕಾದಾಗ ಆಗಲೇ ತಯಾರಾಗಬೇಕು, ಕೆಲವೇ ಕ್ಷಣಗಳಲ್ಲಿ ಇಲ್ಲವಾಗಬೇಕು. ಇದೇ ಅನಿಲವು ರಕ್ತನಾಳಗಳನ್ನೂ ಸಡಿಲಿಸುವುದೆಂಬ ಸಂಶೋಧನೆಗಾಗಿ ೧೯೯೮ರಲ್ಲಿ ಮೂವರು ಅಮೆರಿಕದ ಪಂಡಿತರಿಗೆ ನೊಬೆಲ್ ಪಾರಿತೋಷಕ ಬಂದಿತು. ಇದರಿಂದ ನಾವು ಕಲಿಯತಕ್ಕ ಪಾಠವೇನೆಂದರೆ, ಕರುಳು ಸಡಿಲವಾಗುವುದು ಕೇವಲ ಸುಮ್ಮನಿರುವುದಲ್ಲ. ಅದೂ ಒಂದು ಆಜ್ಞೆಯ ಫಲವೇ.

ಈ ಪಾಠವನ್ನು ಎಳೆಯ ಕೂಸುಗಳ ಒಂದು ರೋಗವು ಕಣ್ಣಿಗೆ ಕಟ್ಟುವಂತೆ ತೋರಿಸುವುದು. ೧೮೮೬ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಮಕ್ಕಳ ವೈದ್ಯರಾದ ಹೆರಾಲ್ಡ್ ಹಿರ್ಷ್‌ಸ್ಪ್ರುಂಗ್ ಎಂಬವರು, ಹುಟ್ಟಿದಂದಿನಿಂದ ಮಲವಿಸರ್ಜನೆ ಸರಿಯಾಗಿ ಆಗದೆ, ಹೊಟ್ಟೆಯು ಗುಡಾಣದಂತೆ ಉಬ್ಬಿ ತೀರಿಕೊಂಡ ಶಿಶುಗಳ ವೃತ್ತಾಂತವನ್ನು ವೈದ್ಯರ ಸಭೆಯಲ್ಲಿ ತಿಳಿಸಿದರು. ಆ ಶಿಶುಗಳ ದೊಡ್ಡ ಕರುಳು ವಿಪರೀತವಾಗಿ ಹಿಗ್ಗಿತ್ತು. ಹಿಗ್ಗಿದ ಭಾಗದಲ್ಲಿಯೇ ರೋಗವಿರುವುದೆಂದು ಬಹುಮಂದಿ ವೈದ್ಯರು ಬಹುಕಾಲ ನಂಬಿದ್ದರು. ನಿಜವಾದ ದೋಷವು ಅದರ ಕೆಳಗೆ, ನೋಡುವುದಕ್ಕೆ ಏನೂ ಕೆಡುಕಿಲ್ಲದಂತೆ ತೋರುವ ಸಣ್ಣಗಿನ ಭಾಗದಲ್ಲಿ ಇದ್ದಿತು. ಅಲ್ಲಿಯ ಗೋಡೆಯಲ್ಲಿ ನರಕೋಶಗಳೇ ಇರಲಿಲ್ಲ. ನರಗಳಿಲ್ಲದ ಕರುಳು ಸಡಿಲವಾಗಿ ಬಿದ್ದಿರಬೇಕೆಂದು ನಮಗೆ ತೋರುವುದಷ್ಟೆ? ಹಾಗಾಗುವುದಿಲ್ಲ, ‘ದಾರಿ ಬಿಡು’ ಎಂದು ಹೇಳುವವರಿಲ್ಲದ ಕಾರಣ ಅದು ಸದಾ ಬಿಗಿದುಕೊಂಡೇ ಇರುವುದು. ೧೯೪೮ರಲ್ಲಿ ಅಮೆರಿಕದ ಬಾಸ್ಟನ್ ನಗರದ ಆರ್ವಾರ್ ಸ್ವೆನ್ಸನ್ ಎಂಬ ಶಸ್ತ್ರವೈದ್ಯರು ಈ ಸಣ್ಣಗಿನ ಭಾಗವನ್ನು ತೆಗೆದು, ಮೇಲಿನ ಒಳ್ಳೆಯ ಕರುಳನ್ನು ಕೆಳಕ್ಕೆ ತಂದು ಜೋಡಿಸುವ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದರು. ಅದುವರೆಗೆ ಸಾವಿಗೆ ತುತ್ತಾಗುತ್ತಿದ್ದ ಶಿಶುಗಳು ಬದುಕತೊಡಗಿದುವು.

ಸುಮಾರು ೫೦೦೦ ಶಿಶುಗಳಲ್ಲಿ ಒಂದಕ್ಕೆ ಈ ದೋಷವಿರುವುದು. ಬಾಣಂತಿಯ ಕೋಣೆಯಲ್ಲಿರುವ ಹಿರಿಯ ಹೆಂಗಸರು ಒಂದು ಸಂಗತಿಯನ್ನು ಮರೆಯದೆ ನೋಡತಕ್ಕದ್ದು. ದಿನತುಂಬಿ ಹುಟ್ಟಿದ ಕೂಸು ಕಪ್ಪುಹಸುರಾದ ಅಂಟುಮಲವನ್ನು ಸಾಮಾನ್ಯವಾಗಿ ಮೊದಲನೆಯ ದಿನದಲ್ಲಿಯೇ ಹೊರಹಾಕುವುದು. ೪೮ ಗಂಟೆಗಳಾದರೂ ಅದು ಬಾರದಿದ್ದರೆ, ಅಥವಾ ಹೊಟ್ಟೆಯುಬ್ಬಿ ಹಸುರು ವಾಂತಿಯಾದರೆ, ಎಣ್ಣೆ ನೆಕ್ಕಿಸುವುದು, ಹೊಟ್ಟೆ ನೀವುವುದು ಮೊದಲಾದ ಉಪಚಾರಗಳಲ್ಲಿ ಕಾಲವನ್ನು ಕಳೆಯದೆ ಒಡನೆಯೇ ವೈದ್ಯರಲ್ಲಿಗೆ ಕೊಂಡೊಯ್ಯತಕ್ಕದ್ದು. ಹಸುರು ವಾಂತಿಯಾದರಂತೂ ೪೮ ಗಂಟೆಗಳವರೆಗೆ ಕಾಯುವಂತೆಯೇ ಇಲ್ಲ.

ಕರುಳು ತನ್ನ ಆಡಳಿತವನ್ನು ತಾನೇ ನಡೆಸಿಕೊಳ್ಳುವುದೆಂದ ಮಾತ್ರಕ್ಕೆ ಮಿದುಳಿಗೂ ಅದಕ್ಕೂ ಸಂಬಂಧವಿಲ್ಲವೆಂದಲ್ಲ. ಅಮೆರಿಕದ ವಾಲ್ಟರ್ ಕ್ಯಾನನ್ ಎಂಬವರು ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ೧೮೯೬ರ ಸುಮಾರಿನಲ್ಲಿ, ಆಗ ತಾನೆ ಕಂಡುಹಿಡಿಯಲ್ಪಟ್ಟಿದ್ದ ಎಕ್ಸ್-ಕಿರಣಗಳ ಸಹಾಯದಿಂದ ಬೆಕ್ಕಿನ ಜೀರ್ಣಾಂಗಗಳ ಚಲನೆಯನ್ನು ನೋಡತೊಡಗಿದರು. ಆಹಾರದೊಡನೆ ಬಿಸ್ಮತ್ ಎಂಬ ಲೋಹದ ಪುಡಿಯನ್ನು ಬೆರಸಿ ತಿನ್ನಿಸಿದರೆ ಅದರ ನೆರಳು ಕಾಣುತ್ತಿತ್ತು. ಬೆಕ್ಕು ಶಾಂತವಾಗಿದ್ದಾಗ ಚಲನೆಯು ಕ್ರಮವಾಗಿ ನಡೆಯುವುದು; ಅದು ಭಯದಿಂದಲೋ ಕೋಪದಿಂದಲೋ ಕೆರಳಿದರೆ ನಿಂತುಹೋಗುವುದು; ಸಮಾಧಾನಗೊಂಡ ಮೇಲೆ ಮತ್ತೆ ತೊಡಗುವುದು. ಭಯಕ್ರೋಧಗಳ ಕಾಲದಲ್ಲಿ ಬೆನ್ನುಹುರಿಯ ಕಡೆಯಿಂದ ಬರುವ ನರಗಳು ನಾರ್‌ಅಡ್ರಿನಲಿನ್ ಎಂಬ ದ್ರವ್ಯವನ್ನು ಕರುಳಿನ ನರಬಲೆಯಲ್ಲಿ ಚೆಲ್ಲುವುವು. ಅದು ಅಸೀಟೈಲ್‌ಕೋಲೀನ್ ಹೊರಬೀಳದಂತೆ ತಡೆಯುವುದೇ ಈ ಸ್ತಂಭನಕ್ಕೆ ಮುಖ್ಯ ಕಾರಣ. ಊಟದ ಎಲೆಯ ಮುಂದೆ ಜಗಳ ಕೂಡದೆಂದು ಹಿರಿಯರು ಹೇಳುವುದು ಕೇವಲ ಶಿಷ್ಟಾಚಾರಕ್ಕಾಗಿಯಲ್ಲವೆಂಬುದು ಇದರಿಂದ ವಿಶದವಾಗುವುದು.

ಹೊಟ್ಟೆ ಬರಿದಾಗಿರುವಾಗಲೂ ಕರುಳು ಕೆಲಸವಿಲ್ಲದೆ ಕುಳಿತಿರುವುದಿಲ್ಲ. ಉಂಡ ಅನ್ನವು ಜೀರ್ಣವಾದ ಮೇಲೆ, ಸುಮಾರು ಒಂದೂವರೆ ಗಂಟೆಯಿಂದ ಎರಡು ಗಂಟೆಗೊಮ್ಮೆ, ಬಲವಾದ ಅಲೆಯೊಂದು ಜಠರದ ಕಡೆಯಿಂದ ಹೊರಟು ಸಣ್ಣ ಕರುಳಿನ ಕೊನೆಯವರೆಗೆ ಸಾಗಿ, ಉಳಿದ ಚೂರುಪಾರುಗಳನ್ನೂ ಸೂಕ್ಷ್ಮಜೀವಿಗಳನ್ನೂ ಗುಡಿಸಿಕೊಂಡು ಹೋಗುವುದು. ಊಟವಾದ ಬಳಿಕ ಗೃಹಿಣಿಯು ಎಲೆ ತೆಗೆದು ಗೋಮೆ ಹಚ್ಚುವಂತೆ ಇದು ಕರುಳಿನ ಶುದ್ಧಿಕಾರ್ಯ. ಹಸಿದ ಹೊಟ್ಟೆ ಗುರುಗುಟ್ಟುವುದಕ್ಕೆ ಇದೂ ಒಂದು ಕಾರಣ. ಏನನ್ನಾದರೂ ತಿಂದೊಡನೆ ಈ ಅಲೆಯು ನಿಂತುಬಿಡುವುದು. ಆದುದರಿಂದ ಬೆಳಗಿನಿಂದ ಸಂಜೆಯವರೆಗೆ ಏನನ್ನಾದರೂ ಮೆಲ್ಲುತ್ತಲೇ ಇರುವವರು ಕರುಳಿಗೆ ಗುಡಿಸುವ ಸಮಯವನ್ನೇ ಕೊಡುವುದಿಲ್ಲವೆಂದು ಹೇಳಬಹುದು.

ಇನ್ನು ಮನೆಯ ವ್ಯವಹಾರಕ್ಕೆ ಬರೋಣ. ಮೊದಲನೆಯದು ಭೇದಿಯ ವಿಷಯ. ಅಫೀಮು ಭೇದಿಯನ್ನು ಕಟ್ಟುವುದೆಂಬುದು ಪೂರ್ವಕಾಲದಿಂದಲೂ ಜನರಿಗೆ ತಿಳಿದಿದ್ದ ಸಂಗತಿ. ಅದರಲ್ಲಿರುವ ಮಾರ್ಫೀನು ಕರುಳಿನ ನರಗಳ ಮೇಲೆ ಕುಳಿತು, ಅವು ಅಸೀಟೈಲ್‌ಕೋಲೀನನ್ನು ಹೊರಬಿಡದಂತೆ ಮಾಡುವುದು. ಕರುಳು ತನ್ನ ನೂಕುವ ಶಕ್ತಿಯನ್ನು ಕಳೆದುಕೊಳ್ಳುವುದು. ಈಗ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ ಲೋಪರಮೈಡ್ ಎಂಬ ಮಾತ್ರೆಯೂ ಇದೇ ಬಾಗಿಲಿನಲ್ಲಿ ಕುಳಿತು ಇದೇ ಕೆಲಸವನ್ನು ಮಾಡತಕ್ಕದ್ದು. ಪ್ರಯಾಣದಲ್ಲಿರುವ ಆರೋಗ್ಯವಂತನಾದ ದೊಡ್ಡವನಿಗೆ ಅದು ಒಂದು ದಿನದ ಅನುಕೂಲವಾಗಬಹುದು. ಆದರೆ ಚಿಕ್ಕ ಮಕ್ಕಳಿಗೆ ಅದನ್ನು ಕೊಡತಕ್ಕದ್ದಲ್ಲ. ಜ್ವರವಿದ್ದಾಗ, ಮಲದಲ್ಲಿ ರಕ್ತ ಕಂಡಾಗ, ದೊಡ್ಡವರೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳತಕ್ಕದ್ದಲ್ಲ. ಏಕೆಂದರೆ ನಡೆಯನ್ನು ನಿಲ್ಲಿಸಿದರೆ ಕರುಳಿನೊಳಗಿನ ವಿಷಕ್ರಿಮಿಗಳು ಹೊರಬೀಳದೆ ಅಲ್ಲಿಯೇ ನಿಲ್ಲುವುವು. ಮಗುವಿನ ಕರುಳಂತೂ ಚಲನೆಯನ್ನೇ ಬಿಟ್ಟು ಉಬ್ಬಿಕೊಳ್ಳುವ ಅಪಾಯವುಂಟು.

ಭೇದಿಯಾದ ಮಗುವನ್ನು ಕೊಲ್ಲುವುದು ಕರುಳಿನ ಚಲನೆಯಲ್ಲ. ದೇಹದ ನೀರು ಮತ್ತು ಲವಣಗಳ ನಷ್ಟ. ಮಲವು ಹೊರಗೆ ಕಾಣದಿದ್ದ ಮಾತ್ರಕ್ಕೆ ಈ ನಷ್ಟವು ನಿಂತಿತೆಂದು ತಿಳಿಯಲಾಗದು. ದೇಹವನ್ನು ಬಿಟ್ಟ ನೀರು ಕರುಳಿನೊಳಗೆಯೇ ನಿಂತಿರಬಹುದು. ನಷ್ಟವಾದುದನ್ನು ತುಂಬಿಕೊಡುವುದೇ ನಿಜವಾದ ಚಿಕಿತ್ಸೆ. ೧೯೭೧ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವಿಗೆ ಬಂದು ತುಂಬಿದಾಗ ಅವರಲ್ಲಿ ಕಾಲರಾ ಹಬ್ಬಿತು. ಡಾಕ್ಟರ್ ದಿಲೀಪ್ ಮಹಲನಬೀಸ್ ಎಂಬವರು ಗ್ಲೂಕೋಸು ಮತ್ತು ಉಪ್ಪುಗಳನ್ನು ಬೆರಸಿದ ನೀರನ್ನು ಕುಡಿಸಿ ಅಲ್ಲಿ ಅಸಂಖ್ಯ ಪ್ರಾಣಗಳನ್ನು ಉಳಿಸಿದರು. ಆ ನೀರೇ ಇಂದು ಓ.ಆರ್.ಎಸ್. ಪೊಟ್ಟಣವಾಗಿ ನಮ್ಮ ಮನೆಯ ಕಪಾಟಿನಲ್ಲಿರುವುದು. ಪೊಟ್ಟಣದ ಮೇಲೆ ಹೇಳಿರುವಷ್ಟೇ ಶುದ್ಧವಾದ ನೀರಿನಲ್ಲಿ ಅದನ್ನು ಕರಗಿಸಿ, ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಕುಡಿಸುತ್ತಿರಬೇಕು. ಎದೆಹಾಲನ್ನಾಗಲಿ ಆಹಾರವನ್ನಾಗಲಿ ನಿಲ್ಲಿಸಬಾರದು. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮೂತ್ರ ಕಡಮೆಯಾದರೆ, ಕುಡಿದುದು ನಿಲ್ಲದಿದ್ದರೆ, ತಡಮಾಡದೆ ವೈದ್ಯರನ್ನು ಕಾಣಬೇಕು.

ಎರಡನೆಯದು ವೃದ್ಧರ ಮಲಬದ್ಧತೆ. ನಮ್ಮ ಹಿತ್ತಲುಗಳಲ್ಲಿಯೂ ಬೇಲಿಗಳಲ್ಲಿಯೂ ಬೆಳೆಯುವ ಉಮ್ಮತ್ತಿಯ ಗಿಡವನ್ನು ಎಲ್ಲರೂ ಬಲ್ಲರು. ಅದರಲ್ಲಿರುವ ಆಟ್ರೋಪೀನ್ ಮೊದಲಾದ ವಿಷಗಳು ಅಸೀಟೈಲ್‌ಕೋಲೀನ್ ಹೊಗಬೇಕಾದ ಬಾಗಿಲುಗಳನ್ನು ಮುಚ್ಚಿಬಿಡುವುವು. ಉಮ್ಮತ್ತಿಯನ್ನು ತಿಂದವನ ಬಾಯಿ ಒಣಗುವುದು, ಕಣ್ಣಿನ ಪಾಪೆ ಅಗಲವಾಗುವುದು, ಬುದ್ಧಿ ಭ್ರಮಿಸುವುದು, ಕರುಳು ಸ್ತಬ್ಧವಾಗುವುದು. ಇದೇ ಬಾಗಿಲುಗಳನ್ನು ಸೌಮ್ಯವಾಗಿ ಮುಚ್ಚುವ ಔಷಧಗಳು ಇಂದು ಹಲವಿವೆ. ಹೊಟ್ಟೆನುಲಿತಕ್ಕೆ ಕೊಡುವ ಡೈಸೈಕ್ಲೊಮಿನ್, ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್, ಮನೋವ್ಯಾಧಿಗೂ ನರಗಳ ನೋವಿಗೂ ಕೊಡುವ ಅಮಿಟ್ರಿಪ್ಟಿಲೀನ್, ಮೂತ್ರದ ಅವಸರಕ್ಕೆ ಕೊಡುವ ಕೆಲವು ಮಾತ್ರೆಗಳು—ಇವೆಲ್ಲ ಈ ಗುಂಪಿಗೆ ಸೇರಿದುವು. ಒಂದೊಂದನ್ನೂ ಒಬ್ಬೊಬ್ಬ ವೈದ್ಯರು ತಕ್ಕ ಕಾರಣಕ್ಕಾಗಿಯೇ ಬರೆದುಕೊಟ್ಟಿರಬಹುದು. ಆದರೆ ಎರಡು ಮೂರು ಕೂಡಿದಾಗ ಅಜ್ಜನ ಕರುಳು ಹಿಡಿದುಕೊಳ್ಳುವುದು, ಮೂತ್ರ ಕಟ್ಟುವುದು, ಬುದ್ಧಿ ಮಂಕಾಗುವುದು. ಇದನ್ನರಿಯದೆ ಮನೆಯವರು ಮುಪ್ಪಿನ ದೋಷವೆಂದು ಹೇಳಿ ಭೇದಿಗೆ ಬೇರೊಂದು ಔಷಧವನ್ನು ಸೇರಿಸುವರು! ಕೆಮ್ಮಿನ ಔಷಧದ ಕೊಡೀನ್, ನೋವಿನ ಮಾತ್ರೆಯ ಟ್ರಮಡಾಲ್ ಇವುಗಳೂ ಅಫೀಮಿನ ರೀತಿಯಲ್ಲಿಯೇ ಕರುಳನ್ನು ಮಂದಗೊಳಿಸತಕ್ಕವು. ಆದುದರಿಂದ ವೃದ್ಧರಿಗೆ ಹೊಸದಾಗಿ ಮಲಬದ್ಧತೆ ತೋರಿದಾಗ, ಅವರು ತೆಗೆದುಕೊಳ್ಳುತ್ತಿರುವ ಸಕಲ ಔಷಧಗಳನ್ನೂ ಒಂದು ಚೀಲದಲ್ಲಿ ಹಾಕಿ ವೈದ್ಯರ ಮುಂದಿಟ್ಟು ತೋರಿಸುವುದು ಉತ್ತಮ. ತಾವಾಗಿಯೇ ಯಾವುದನ್ನೂ ನಿಲ್ಲಿಸಬಾರದು.

ಮೂರನೆಯದು ಹೊಲತೋಟಗಳಿರುವ ಮನೆಗಳಿಗೆ ಮುಖ್ಯವಾದುದು. ಬೆಳೆಗೆ ಸಿಂಪಡಿಸುವ ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕಗಳು ಮೇಲೆ ಹೇಳಿದುದಕ್ಕೆ ತದ್ವಿರುದ್ಧವಾದ ಕೆಲಸವನ್ನು ಮಾಡುವುವು. ಅಸೀಟೈಲ್‌ಕೋಲೀನನ್ನು ಒಡೆಯುವ ಕಿಣ್ವವನ್ನೇ ಅವು ಕೆಡಿಸಿಬಿಡುವುವು. ಆಗ ಹೇಳಿದ ಆಜ್ಞೆಯು ಅಳಿಯದೆ ಉಳಿದು, ಹೊಟ್ಟೆನುಲಿತ, ವಾಂತಿ, ಭೇದಿ, ಬಾಯಲ್ಲಿ ಜೊಲ್ಲು, ಮೈಯಲ್ಲಿ ಬೆವರು ಉಂಟಾಗುವುವು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು. ಕೊನೆಗೆ ಉಸಿರಾಟವೇ ನಿಲ್ಲಬಹುದು. ಔಷಧ ಹೊಡೆದು ಬಂದವನಿಗೆ ಹೊಟ್ಟೆ ಕೆಟ್ಟಿತೆಂದು ಮಜ್ಜಿಗೆ ಕೊಟ್ಟು ಮಲಗಿಸುವುದು ಬಹಳ ಅಪಾಯಕರ. ಬಟ್ಟೆಗಳನ್ನು ತೆಗೆಸಿ, ಸೋಪು ನೀರಿನಿಂದ ಮೈ ತೊಳೆಸಿ, ವಾಂತಿ ಮಾಡಿಸಲು ಪ್ರಯತ್ನಿಸದೆ, ಔಷಧದ ಡಬ್ಬಿಯ ಮೇಲಿನ ಹೆಸರನ್ನು ತಿಳಿದುಕೊಂಡು, ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಉಪಚಾರ ಮಾಡುವವರು ಆ ವಿಷವು ತಮ್ಮ ಕೈಗೆ ತಗಲದಂತೆ ಎಚ್ಚರವಾಗಿರಬೇಕು. ಅಲ್ಲಿ ವೈದ್ಯರು ಕೊಡುವ ಪ್ರತಿವಿಷಗಳಲ್ಲಿ ಮೊದಲನೆಯದು ಯಾವುದೆಂದರೆ, ಉಮ್ಮತ್ತಿಯಲ್ಲಿರುವ ಅದೇ ಆಟ್ರೋಪೀನ್! ಒಂದು ಕಡೆ ವಿಷವಾದುದು ಇನ್ನೊಂದು ಕಡೆ ಅಮೃತವಾಗುವುದು. ಆದರೆ ಅದರ ಪ್ರಮಾಣವನ್ನರಿತು ಕೊಡತಕ್ಕವರು ವೈದ್ಯರು ಮಾತ್ರ. ಉಮ್ಮತ್ತಿಯ ಗಿಡದ ಬಳಿಗೆ ಯಾರೂ ಹೋಗಲಾಗದು.

ಹಾಗಾದರೆ ನಮ್ಮ ಹಿರಿಯರ ಹರಳೆಣ್ಣೆಯ ಗತಿಯೇನೆಂದು ಕೆಲವರು ಕೇಳಬಹುದು. ಹರಳೆಣ್ಣೆಯಿಂದ ಕರುಳಿನಲ್ಲಿ ಹೊರಡುವ ರಿಸಿನೋಲಿಕ್ ಆಮ್ಲವು ಮಾಂಸತಂತುಗಳನ್ನೇ ನೇರವಾಗಿ ಕೆರಳಿಸುವುದೆಂದು ೨೦೧೨ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಅದೇ ಬಗೆಯ ಬಾಗಿಲು ಗರ್ಭಕೋಶದಲ್ಲಿಯೂ ಇರುವುದರಿಂದ ಗರ್ಭಿಣಿಯರಿಗೆ ಹರಳೆಣ್ಣೆ ಕುಡಿಸುವುದು ಸಲ್ಲದು. ಸೋನಾಮುಖಿಯು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಂದ ಮಾರ್ಪಾಟು ಹೊಂದಿ ಬಳಿಕ ಅಲ್ಲಿಯ ಚಲನೆಯನ್ನು ಹೆಚ್ಚಿಸುವುದು. ಎಂದಾದರೊಮ್ಮೆ ದೊಡ್ಡವರಿಗೆ ಇವುಗಳಿಂದ ಉಪಯೋಗವುಂಟು. ಆದರೆ ಕರುಳಿಗೆ ದಿನದಿನವೂ ಬೇಕಾದುದು ಚಾಟಿಯೇಟಲ್ಲ, ಸಹಜವಾದ ಕರೆ. ತುತ್ತು ಕರುಳನ್ನು ಹಿಗ್ಗಿಸುವುದೇ ಆ ಕರೆಯೆಂದು ಮೇಲೆ ಹೇಳಿದೆಯಷ್ಟೆ. ರಾಗಿ, ಸೊಪ್ಪು, ನಾರಿರುವ ತರಕಾರಿ, ಹಣ್ಣು, ಸಾಕಷ್ಟು ನೀರು—ಇವು ಮಲಕ್ಕೆ ಗಾತ್ರವನ್ನೂ ಮೃದುತ್ವವನ್ನೂ ಕೊಟ್ಟು ಆ ಕರೆಯನ್ನು ಸರಿಯಾಗಿ ಕೊಡತಕ್ಕವು. ಬೆಳಗಿನ ಆಹಾರವು ಜಠರಕ್ಕಿಳಿದೊಡನೆ ದೊಡ್ಡ ಕರುಳಿನಲ್ಲಿ ಬಲವಾದ ಅಲೆಗಳೇಳುವುದು ಪ್ರಕೃತಿನಿಯಮ. ಶಾಲೆಗೆ ಹೊತ್ತಾಯಿತೆಂದು ಮಕ್ಕಳನ್ನು ಆ ಸಮಯದಲ್ಲಿ ಅವಸರಪಡಿಸದೆ ಹತ್ತು ನಿಮಿಷಗಳ ಬಿಡುವನ್ನು ಕೊಟ್ಟರೆ ಅನೇಕ ಔಷಧಗಳ ಖರ್ಚು ಉಳಿಯುವುದು. ಕರೆಯನ್ನು ಪದೇ ಪದೇ ತಡೆದ ಮಗುವಿನ ಕರುಳು ಕಾಲಕ್ರಮದಲ್ಲಿ ಕರೆಯುವುದನ್ನೇ ಮರೆಯುವುದು.

ಒಟ್ಟಿನಲ್ಲಿ ನೂಕುವ ದೂತ, ದಾರಿ ಬಿಡಿಸುವ ದೂತ, ಇವರಿಬ್ಬರೂ ತಮ್ಮ ತಮ್ಮ ಕಾಲದಲ್ಲಿ ಬಂದು, ಕೆಲಸ ಮುಗಿದೊಡನೆ ಮರೆಯಾಗುವುದರಲ್ಲಿಯೇ ಕರುಳಿನ ಆರೋಗ್ಯವಿದೆ. ಭೇದಿಯಾಗಲಿ, ಬದ್ಧತೆಯಾಗಲಿ, ಈ ವ್ಯವಸ್ಥೆಯಲ್ಲಿ ಏನೋ ಕೆಟ್ಟಿದೆಯೆಂಬ ಸೂಚನೆ. ಸೂಚನೆಯ ಬಾಯಿ ಕಟ್ಟಿದ ಮಾತ್ರಕ್ಕೆ ಕೆಟ್ಟುದು ಸರಿಹೋಗದು. ಮನೆಯ ಔಷಧದ ಪೆಟ್ಟಿಗೆಯನ್ನು ತೆರೆಯುವ ಮೊದಲು, ‘ಇದು ಕರುಳಿನ ರೋಗವನ್ನು ಗುಣಪಡಿಸುವುದೋ, ಇಲ್ಲವೆ ಅದರ ನಡೆಯನ್ನು ಮಾತ್ರ ನಿಲ್ಲಿಸುವುದೋ?’ ಎಂದು ಒಂದು ಕ್ಷಣ ಯೋಚಿಸುವ ಅಭ್ಯಾಸವು ಪ್ರತಿಯೊಬ್ಬ ಗೃಹಸ್ಥನಿಗೂ ಗೃಹಿಣಿಗೂ ಬರುವುದಾದರೆ, ಅದರಿಂದ ಎಷ್ಟೋ ಮನೆಗಳ ಮಕ್ಕಳಿಗೂ ಮುದುಕರಿಗೂ ಕ್ಷೇಮವುಂಟಾಗುವುದು.